ಮೊಣಕೈ ಮಡಚಿದಾಗ ನರಕ್ಕೆ ಏನಾಗುತ್ತದೆ

ಮದುವೆಮನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಪಾಯಸ ಬರುವಷ್ಟರಲ್ಲಿ ಕಾಲು ಜೋಮು ಹಿಡಿದಿರುತ್ತದೆ. ತೋಳಿನ ಮೇಲೆ ತಲೆಯಿಟ್ಟು ಮಲಗಿದವರಿಗೆ ನಡುರಾತ್ರಿ ಎಚ್ಚರವಾದಾಗ ಆ ಕೈ ತಮ್ಮದೇ ಅಲ್ಲವೆನಿಸುತ್ತದೆ. ಬಾಗಿಲ ಚೌಕಟ್ಟಿಗೆ ಮೊಣಕೈಯ ಒಳಬದಿ ತಾಗಿದರೆ ಕಿರುಬೆರಳಿನ ತುದಿಯವರೆಗೆ ಕರೆಂಟು ಹೊಡೆದಂತಾಗುತ್ತದೆ. ಮೈಯ ಭಂಗಿಗೂ ನರಕ್ಕೂ ಸಂಬಂಧವಿದೆ ಎಂಬುದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಆದರೆ ಬದುಕಿರುವ ಮನುಷ್ಯನ ಚರ್ಮದಡಿ, ಕೈ ಮಡಚುವ ಆ ಗಳಿಗೆಯಲ್ಲೇ, ನರಕ್ಕೆ ಏನಾಗುತ್ತದೆ ಎಂಬುದನ್ನು ವೈದ್ಯರು ಕಣ್ಣಾರೆ ಕಾಣುವಂತಾದದ್ದು ತೀರಾ ಇತ್ತೀಚೆಗೆ, ಅಲ್ಟ್ರಾಸೌಂಡ್ ಯಂತ್ರ ಸಾಕಷ್ಟು ಸೂಕ್ಷ್ಮವಾದ ಮೇಲೆ. ಅದಕ್ಕೂ ಅರ್ಧ ಶತಮಾನ ಮೊದಲೇ ಈ ಪ್ರಶ್ನೆಯನ್ನು ಬೆರಳ ತುದಿಯಲ್ಲಿ ಹಿಡಿದು ಕೂತಿದ್ದವರು ಮದ್ರಾಸಿನ ಆಸುಪಾಸಿನ ಕುಷ್ಠರೋಗ ಆಸ್ಪತ್ರೆಗಳ ವೈದ್ಯರು. ಅವರೆದುರು ಕೂತ ರೋಗಿಯ ಕೈ ಉಳಿಯುವುದೋ ಇಲ್ಲವೋ ಎಂಬುದು ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು.

ಕನ್ನಡದಲ್ಲಿ 'ನರ' ಎಂಬ ಮಾತಿಗೆ ಅರ್ಥ ಹಲವು. ಮುಂಗೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರವೇ, ಹಿಮ್ಮಡಿಯ ಹಿಂದಿನ ಬಿಗಿಯಾದ ಹುರಿಯೂ ನರವೇ, 'ನರ ದೌರ್ಬಲ್ಯ'ದ ಜಾಹೀರಾತಿನ ನರವಂತೂ ಇನ್ನೇನೋ. ಇಲ್ಲಿ ಹೇಳುತ್ತಿರುವುದು ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲಿನ ತುದಿಯವರೆಗೆ ಹೋಗುವ, ಸ್ಪರ್ಶವನ್ನೂ ನೋವನ್ನೂ ಒಯ್ಯುವ, ಸ್ನಾಯುಗಳನ್ನು ಕುಣಿಸುವ ತಂತುಗಳ ಕಟ್ಟಿನ ಬಗ್ಗೆ. ಅವುಗಳಲ್ಲಿ ಒಂದು ಅಲ್ನಾರ್ ನರ. ಕಂಕುಳಿನಿಂದ ತೋಳಿನ ಒಳಬದಿಯಲ್ಲಿ ಇಳಿದು, ಮೊಣಕೈಯ ಒಳಮಗ್ಗುಲಿನ ಮೂಳೆಯ ಉಬ್ಬಿನ ಹಿಂದೆ ಒಂದು ತೋಡಿನಲ್ಲಿ ಸಾಗಿ, ಕಿರಿದಾದ ಒಂದು ಸುರಂಗ ಹೊಕ್ಕು, ಮುಂಗೈ ದಾಟಿ ಕಿರುಬೆರಳು ಮತ್ತು ಉಂಗುರಬೆರಳಿಗೆ ಹೋಗುತ್ತದೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವು ಇದರ ಆಳ್ವಿಕೆಯಲ್ಲಿವೆ. ಸೂಜಿಗೆ ದಾರ ಪೋಣಿಸುವುದು, ಅನ್ನ ಕಲಸಿ ತುತ್ತು ಮಾಡುವುದು, ಗುಂಡಿ ಹಾಕುವುದು, ಎಲ್ಲಕ್ಕೂ ಅವು ಬೇಕು.

ಈ ನರದ ದಾರಿಯಲ್ಲೊಂದು ವಿಚಿತ್ರವಿದೆ. ಕೈಗೆ ಹೋಗುವ ಬೇರೆ ದೊಡ್ಡ ನರಗಳು ಮೊಣಕೈಯ ಮುಂಭಾಗದಲ್ಲಿ ಹಾಯುತ್ತವೆ. ಕೈ ಮಡಚಿದರೆ ಅವು ಸಡಿಲವಾಗುತ್ತವೆ. ಅಲ್ನಾರ್ ನರ ಮಾತ್ರ ಕೀಲಿನ ಹಿಂದಿನಿಂದ ಹೋಗುತ್ತದೆ. ಬಾಗಿಲಿನ ತಿರುಗಣಿಯ ಹೊರಮಗ್ಗುಲಿಗೆ ಒಂದು ದಾರ ಅಂಟಿಸಿ ಬಾಗಿಲು ಮಡಚಿದರೆ ದಾರ ಬಿಗಿಯುವಂತೆ, ಪ್ರತಿ ಸಲ ಕೈ ಮಡಚಿದಾಗಲೂ ಈ ನರ ಎಳೆಯಲ್ಪಡುತ್ತದೆ. ಸಾಲದ್ದಕ್ಕೆ ಅಲ್ಲಿ ಅದಕ್ಕೆ ಮಾಂಸದ ಹೊದಿಕೆಯೂ ಇಲ್ಲ; ಚರ್ಮದ ಕೆಳಗೇ ಇದೆ. ಆದ್ದರಿಂದಲೇ ಬಾಗಿಲ ಚೌಕಟ್ಟಿಗೆ ಅದು ಸುಲಭವಾಗಿ ಸಿಗುತ್ತದೆ, ವೈದ್ಯರ ಬೆರಳಿಗೂ ಸಿಗುತ್ತದೆ. ಕುಷ್ಠರೋಗದ ಬ್ಯಾಕ್ಟೀರಿಯಾಕ್ಕೂ ಅದೇ ಜಾಗ ಹಿಡಿಸುತ್ತದೆ.

ಚೆನ್ನೈಯಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿ ಚೆಂಗಲ್ಪಟ್ಟು. ಬ್ರಿಟಿಷರ ಕಾಗದಪತ್ರಗಳಲ್ಲಿ ಚಿಂಗಲ್‌ಪುಟ್. ಅದರ ಪಕ್ಕದ ತಿರುಮಣಿಯಲ್ಲಿ 1920ರ ದಶಕದಲ್ಲಿ ಒಂದು ಕುಷ್ಠರೋಗ ಆಸ್ಪತ್ರೆ ತಲೆಯೆತ್ತಿತು. ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವಿಲಿಂಗ್ಡನ್ ಅವರ ಹೆಂಡತಿಯ ಹೆಸರು ಅದಕ್ಕೆ. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ದಕ್ಷಿಣ ಕನ್ನಡವೂ ಬಳ್ಳಾರಿಯೂ ಸೇರಿದ್ದವು ಎಂಬುದನ್ನು ನೆನಪಿಡಬೇಕು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 19ನೇ ಶತಮಾನದ ಕೊನೆಗೇ ಕುಷ್ಠರೋಗಿಗಳಿಗೆ ನೆಲೆ ಮಾಡಿಕೊಟ್ಟಿದ್ದರು. ಇಂಥ ಕಡೆಗಳಲ್ಲಿ ರೋಗಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಸೂರು, ಊಟ, ಹುಣ್ಣಿಗೆ ಪಟ್ಟಿ. ಮುದುಡಿದ ಕೈಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ರೋಗದ ಕೊನೆಯ ಗುರುತು, ಅಲ್ಲಿಂದಾಚೆಗೆ ಮಾಡುವುದೇನೂ ಇಲ್ಲ ಎಂಬುದು ಎಲ್ಲರ ತಿಳಿವಳಿಕೆಯಾಗಿತ್ತು.

ಚೆಂಗಲ್ಪಟ್ಟಿನ ಆಸ್ಪತ್ರೆಯನ್ನು ಬಹುಕಾಲ ನಡೆಸಿದವರು ರಾಬರ್ಟ್ ಕೊಕ್ರೇನ್, ಆ ಕಾಲದ ಹೆಸರಾಂತ ಕುಷ್ಠರೋಗ ತಜ್ಞ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹೊಣೆಯೂ ಅವರ ಮೇಲಿತ್ತು. 1946ರಲ್ಲಿ ಅವರ ಒತ್ತಾಯದಿಂದ ಲಂಡನ್ನಿನಿಂದ ವೆಲ್ಲೂರಿಗೆ ಬಂದ ಯುವ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಹೊರಗಿನವರೆನ್ನುವಂತಿಲ್ಲ, ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯ ಕಾಡಿನಲ್ಲಿ, ಮಿಷನರಿ ದಂಪತಿಗಳ ಮಗನಾಗಿ. ಬಂದ ಮರುವರ್ಷ ಕೊಕ್ರೇನ್ ಅವರನ್ನು ಚೆಂಗಲ್ಪಟ್ಟಿಗೆ ಕರೆದೊಯ್ದರು. ಮರಗಳ ನಡುವೆ ನಡೆಯುತ್ತ ಕೊಕ್ರೇನ್ ಚರ್ಮದ ಮೇಲಿನ ಮಚ್ಚೆಗಳ ಪಾಠ ಹೇಳುತ್ತಿದ್ದರೆ ಮೂಳೆವೈದ್ಯನ ಕಣ್ಣು ಹೋದದ್ದು ರೋಗಿಗಳ ಕೈಗಳ ಕಡೆಗೆ: ಪಂಜದಂತೆ ಒಳಕ್ಕೆ ಮಡಚಿಕೊಂಡ ಬೆರಳುಗಳು, ಗಾಯಗಳು, ಅರ್ಧ ಉಳಿದ ಕೈಗಳು. ಹೀಗೇಕಾಗುತ್ತದೆ ಎಂದು ಕೇಳಿದರೆ ಕೊಕ್ರೇನ್ ಅವರಲ್ಲಿ ಉತ್ತರವಿರಲಿಲ್ಲ. ತಾನು ಚರ್ಮದ ವೈದ್ಯ. ಮೂಳೆ, ಕೀಲು, ಕೈ ಬಲ್ಲ ಶಸ್ತ್ರವೈದ್ಯರಲ್ಲಿ ಯಾರೂ ಈ ರೋಗದತ್ತ ಮುಖ ಹಾಕಿಲ್ಲ ಎಂಬುದು ಅವರ ಅಳಲು. ಬ್ರಾಂಡ್ ಒಬ್ಬ ರೋಗಿಯ ಮುದುಡಿದ ಕೈಯೊಳಗೆ ತನ್ನ ಕೈಯಿಟ್ಟು ಬಲವಾಗಿ ಹಿಸುಕಲು ಹೇಳಿದರು. ಆ ಹಿಡಿತದ ಬಿಗಿಗೆ ಅವರೇ ನೋವಿನಿಂದ ಕೈ ಎಳೆದುಕೊಳ್ಳಬೇಕಾಯಿತು. ಹಿಸುಕಿದವನಿಗೆ ತನ್ನ ಬಲ ಎಷ್ಟೆಂಬುದು ತಿಳಿದಿರಲಿಲ್ಲ, ಕೈಯಲ್ಲಿ ಸ್ಪರ್ಶವೇ ಇರಲಿಲ್ಲ.

ನಿರ್ಜೀವವೆನಿಸಿದ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತು? ಪರೀಕ್ಷಿಸುತ್ತ ಹೋದಂತೆ ಒಂದು ಕ್ರಮ ಕಂಡಿತು. ಮುಂಗೈಯ ದೊಡ್ಡ ಸ್ನಾಯುಗಳು ಬಹುಪಾಲು ಗಟ್ಟಿಯಾಗಿಯೇ ಉಳಿದಿರುತ್ತಿದ್ದವು. ಸತ್ತಿದ್ದವು ಅಂಗೈಯ ಸಣ್ಣ ಸ್ನಾಯುಗಳು. ಒಬ್ಬರಲ್ಲಲ್ಲ, ರೋಗಿಯಿಂದ ರೋಗಿಗೆ ಅದೇ ಚಿತ್ರ. ರೋಗ ಕಂಡಕಂಡಲ್ಲಿ ಕಚ್ಚುತ್ತಿಲ್ಲ, ನರದ ಗೊತ್ತಾದ ಕೆಲವೇ ಜಾಗಗಳಲ್ಲಿ ಕಚ್ಚುತ್ತಿದೆ ಎಂದಾಯಿತು. ಯಾವ ಜಾಗ ಎಂದು ತಿಳಿಯಲು ಶವ ಕೊಯ್ದು ನೋಡಬೇಕು, ಅದಕ್ಕೆ ಒಪ್ಪಿಗೆ ಸಿಗುವುದು ಸುಲಭವಿರಲಿಲ್ಲ. ಕೊನೆಗೊಂದು ದಿನ ಚೆಂಗಲ್ಪಟ್ಟಿನಲ್ಲಿ ರೋಗಿಯೊಬ್ಬ ತೀರಿಕೊಂಡ ಸುದ್ದಿ ಬಂತು. ವೆಲ್ಲೂರಿನಿಂದ ಹೊರಟ ಬ್ರಾಂಡ್ ಮತ್ತು ಜೊತೆಗಾರರು ಬೆಳಗಾಗುವುದರೊಳಗೆ ಮುಗಿಸಬೇಕಿದ್ದ ಆ ಕೆಲಸದಲ್ಲಿ ರಾತ್ರಿಯಿಡೀ ತೊಡಗಿ, ಕೈಕಾಲುಗಳ ಮುಖ್ಯ ನರಗಳನ್ನು ಉದ್ದಕ್ಕೂ ಬಿಡಿಸಿಟ್ಟರು. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ವಿನ್ಯಾಸ ತಾನಾಗಿ ಎದ್ದು ಕಂಡಿತು. ಆಳದಲ್ಲಿ, ಮಾಂಸದ ನಡುವೆ ಸಾಗುವಲ್ಲಿ ನರ ಸಹಜವಾಗಿತ್ತು. ಮೊಣಕೈಯ ತುಸು ಮೇಲೆ, ಮಣಿಕಟ್ಟಿನಲ್ಲಿ, ಮೊಣಕಾಲಿನ ಪಕ್ಕದಲ್ಲಿ, ಪಾದದ ಗಂಟಿನ ಬಳಿ, ಅಂದರೆ ನರ ಚರ್ಮದ ಸಮೀಪಕ್ಕೆ ಬರುವಲ್ಲೆಲ್ಲ, ಊದಿಕೊಂಡಿತ್ತು.

ಚರ್ಮದ ಸಮೀಪವೆಂದರೆ ತಂಪು. ಕುಷ್ಠರೋಗದ ಬ್ಯಾಕ್ಟೀರಿಯಾ ಮೈಯ ಒಳಗಿನ 37 ಡಿಗ್ರಿಗಿಂತ ಕೆಲವು ಡಿಗ್ರಿ ಕಡಿಮೆ ಇರುವಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮೂಗು, ಕಿವಿ, ಕೈಕಾಲಿನ ತುದಿಗಳನ್ನು ಅದು ಆರಿಸಿಕೊಳ್ಳುವುದು ಈ ಕಾರಣಕ್ಕೇ. ತಂಪಾದ ಜಾಗದಲ್ಲಿ ನರ ಊದುತ್ತದೆ ಎಂಬ ಊಹೆ ಆ ರಾತ್ರಿಯಿಂದ ಬ್ರಾಂಡ್ ತಲೆಯಲ್ಲಿ ಉಳಿಯಿತು. ಮುಂದೆ ಅಮೆರಿಕದ ಲೂಸಿಯಾನದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ 1974ರಲ್ಲಿ ಥಾಮಸ್ ಸೇಬಿನ್ ಮೊದಲಾದವರ ಜೊತೆಗೂಡಿ, ರೋಗ ತಗಲುವ ನರಗಳ ಉದ್ದಕ್ಕೂ ತಾಪಮಾನ ಅಳೆದ ಪ್ರಬಂಧವನ್ನೂ ಪ್ರಕಟಿಸಿದರು. ಈ ನಡುವೆ, 1948ರಿಂದ ಶುರುವಾದ ಅವರ ಶಸ್ತ್ರಚಿಕಿತ್ಸೆಯ ಕತೆ ಹೆಚ್ಚು ಪ್ರಸಿದ್ಧ: ಮುಂಗೈಯ ಗಟ್ಟಿ ಸ್ನಾಯುವೊಂದರ ಹುರಿಯನ್ನು ಬಿಡಿಸಿ ಬೆರಳುಗಳಿಗೆ ಜೋಡಿಸಿ, ಮುದುಡಿದ ಕೈಯನ್ನು ಮತ್ತೆ ಬಿಚ್ಚುವಂತೆ ಮಾಡಿದ್ದು. ಆ ಕತೆಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಕೈ ಮುದುಡಿದ ಮೇಲಿನ ಚಿಕಿತ್ಸೆ ಅದು. ಮುದುಡುವ ಮೊದಲೇ ನರವನ್ನು ಕಾಪಾಡಬಹುದೇ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಅದಕ್ಕೆ ಮೊದಲು ನರ ಊದಿದೆ ಎಂಬುದು ತಿಳಿಯಬೇಕು, ಮತ್ತು ತಿಳಿಯಲು ಇದ್ದ ಸಾಧನ ಬೆರಳು ಮಾತ್ರ. ನರ ಮುಟ್ಟಿ ನೋಡುವ ಕಲೆ ಚೆಂಗಲ್ಪಟ್ಟು, ಕಾರಿಗಿರಿ, ವೆಲ್ಲೂರಿನಂಥ ಕೇಂದ್ರಗಳಲ್ಲಿ ಗುರುವಿನಿಂದ ಶಿಷ್ಯರಿಗೆ ಸಂಗೀತದಂತೆ ದಾಟುತ್ತ ಬಂತು. ಚೆಂಗಲ್ಪಟ್ಟಿನ ಆಸ್ಪತ್ರೆಯನ್ನು 1955ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡು ಕೇಂದ್ರೀಯ ಕುಷ್ಠರೋಗ ಬೋಧನೆ ಮತ್ತು ಸಂಶೋಧನಾ ಸಂಸ್ಥೆಯನ್ನಾಗಿ ಮಾಡಿದ ಮೇಲೆ ದೇಶದ ನಾನಾ ಕಡೆಯ ವೈದ್ಯರು, ಫಿಸಿಯೋಥೆರಪಿಸ್ಟರು, ಅರೆವೈದ್ಯಕೀಯ ಸಿಬ್ಬಂದಿ ಅಲ್ಲಿ ಬಂದು ಕಲಿತರು. ಅವರು ಕಲಿತ ಪಾಠದ ಅರ್ಧ ಭಾಗ ಭಂಗಿಯದ್ದೇ. ಅಲ್ನಾರ್ ನರ ನೋಡಬೇಕಾದರೆ ರೋಗಿಯ ಮೊಣಕೈ ಅರೆ ಮಡಚಿರಬೇಕು. ಪೂರ್ತಿ ಚಾಚಿದರೆ ನರ ಸಡಿಲವಾಗಿ ಬೆರಳಿಗೆ ಸಿಗದೆ ಜಾರುತ್ತದೆ, ಪೂರ್ತಿ ಮಡಚಿದರೆ ಬಿಗಿದು ಮೂಳೆಗೆ ಒತ್ತುತ್ತದೆ. ಮೊಣಕಾಲಿನ ಪಕ್ಕದ ನರಕ್ಕೆ ರೋಗಿ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂರಬೇಕು. ಕತ್ತಿನ ಮೇಲೆ ಕಿವಿಯ ಕಡೆ ಏರುವ ನರವೊಂದಿದೆ. ಮುಖವನ್ನು ಆಚೆ ಬದಿಗೆ ತಿರುಗಿಸಲು ಹೇಳಿದರೆ ಸಾಕು, ಊದಿದ್ದರೆ ಹಗ್ಗದಂತೆ ಎದ್ದು ಕಾಣುತ್ತದೆ, ಮುಟ್ಟಲೂ ಬೇಕಿಲ್ಲ. ಬೆರಳಿನ ತುದಿಯಿಂದಲ್ಲ, ತುದಿಯ ಮೆತ್ತನೆಯ ಭಾಗದಿಂದ ಹಗುರವಾಗಿ ಉರುಳಿಸಬೇಕು. ಎರಡೂ ಬದಿ ಹೋಲಿಸಬೇಕು. ಮತ್ತು ಕಣ್ಣು ಕೈಯ ಮೇಲಿರದೆ ರೋಗಿಯ ಮುಖದ ಮೇಲಿರಬೇಕು, ಏಕೆಂದರೆ ನರ ನೋಯುತ್ತಿದ್ದರೆ ಮೊದಲು ತಿಳಿಸುವುದು ಹುಬ್ಬು.

ತಪಾಸಣೆಗೆ ಒಳ್ಳೆಯ ಭಂಗಿ ಯಾವುದು ಎಂಬುದು ಹೀಗೆ ಅನುಭವದಿಂದ ತಿಳಿಯಿತು. ನರಕ್ಕೆ ಒಳ್ಳೆಯ ಭಂಗಿ ಯಾವುದು ಎಂಬ ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ಉರಿಯಿಂದ ಊದಿದ ನರಕ್ಕೆ ವಿಶ್ರಾಂತಿ ಬೇಕೆಂದು ಕೈಗೆ ಪಟ್ಟಿ ಕಟ್ಟುತ್ತಿದ್ದರು. ಆದರೆ ಪಟ್ಟಿ ಕಟ್ಟುವುದು ಎಷ್ಟು ಮಡಚಿ? ಮೊಣಕೈಯ ಸುರಂಗದಲ್ಲಿ ನರ ಉಸಿರುಗಟ್ಟುತ್ತದೆ ಎಂದು ಕೆಲವು ಶಸ್ತ್ರವೈದ್ಯರು ಸುರಂಗದ ಮೇಲ್ಛಾವಣಿಯನ್ನು ಸೀಳಿ ಬಿಡುತ್ತಿದ್ದರು. ಇನ್ನು ಕೆಲವರು ನರವನ್ನೇ ಎತ್ತಿ ಕೀಲಿನ ಮುಂಭಾಗಕ್ಕೆ ಸಾಗಿಸುತ್ತಿದ್ದರು. ತರ್ಕ ಎರಡರಲ್ಲೂ ಇತ್ತು. ಒಳಗೆ ನಡೆಯುವುದನ್ನು ಕಂಡವರು ಯಾರೂ ಇರಲಿಲ್ಲ.

ಇದೇ ಹೊತ್ತಿಗೆ, ಕುಷ್ಠರೋಗದ ಗೊಡವೆಯಿಲ್ಲದ ಬೇರೆ ದೇಶಗಳಲ್ಲೂ ಈ ಮೊಣಕೈ ವೈದ್ಯರನ್ನು ಕಾಡುತ್ತಿತ್ತು. ಮೊಣಕೈ ಊರಿ ಕೆಲಸ ಮಾಡುವವರಿಗೆ, ಮಡಚಿಕೊಂಡೇ ಮಲಗುವವರಿಗೆ, ಕಿರುಬೆರಳು ಮರಗಟ್ಟುವ ತೊಂದರೆ ಅಲ್ಲಿ ಸಾಮಾನ್ಯ. 1958ರಲ್ಲಿ ಅದಕ್ಕೆ ಕ್ಯೂಬಿಟಲ್ ಟನಲ್ ಸಿಂಡ್ರೋಮ್ ಎಂಬ ಹೆಸರೂ ಬಿತ್ತು. 1973ರಲ್ಲಿ ಸ್ವೀಡನ್ನಿನ ಲುಂಡ್‌ಬೋರ್ಗ್ ಮತ್ತು ರೀಡೆವಿಕ್ ಮೊಲದ ಕಾಲಿನ ನರವನ್ನು ಅಳತೆಯಿಂದ ಎಳೆದು ನೋಡಿದರು: ಶೇ 8ರಷ್ಟು ಹಿಗ್ಗಿದಾಗ ನರದೊಳಗಿನ ರಕ್ತಸಂಚಾರ ಕುಂಟತೊಡಗಿತು, ಶೇ 15ಕ್ಕೆ ನಿಂತೇಹೋಯಿತು. 1998ರಲ್ಲಿ ಅಮೆರಿಕದ ರಿಚರ್ಡ್ ಗೆಲ್ಬರ್‌ಮನ್ ತಂಡ ಶವಗಳ ಕೈಗಳನ್ನು ಚಾಚಿದ ಸ್ಥಿತಿಯಿಂದ 135 ಡಿಗ್ರಿಯವರೆಗೆ ಮಡಚುತ್ತ ಎಂಆರ್‌ಐ ಚಿತ್ರ ತೆಗೆದು, ಒಳಗಿನ ಒತ್ತಡವನ್ನೂ ಅಳೆಯಿತು. ಮಡಚಿದಾಗ ಸುರಂಗ ಕಿರಿದಾಗುತ್ತಿತ್ತು, ನರದ ಅಡ್ಡಳತೆಯ ವಿಸ್ತೀರ್ಣ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕುಗ್ಗುತ್ತಿತ್ತು. ರಾತ್ರಿಯಿಡೀ ಕೈ ಮಡಚಿ ಮಲಗಬೇಡಿ ಎಂದು ವೈದ್ಯರು ಹೇಳುವ ಮಾತಿನ ಹಿಂದೆ ಇಂಥ ಲೆಕ್ಕಗಳಿವೆ.

ಭಂಗಿ ಮಾಡುವ ಇನ್ನೊಂದು ತಮಾಷೆಯನ್ನೂ ಇಲ್ಲೇ ಹೇಳಬೇಕು. ನರದಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ ಹೋಗುತ್ತದೆಂದು ಅಳೆಯುವ ಪರೀಕ್ಷೆಯಲ್ಲಿ, ಮೊಣಕೈ ಚಾಚಿ ಅಳೆದರೆ ಆರೋಗ್ಯವಂತರ ನರವೂ ನಿಧಾನವೆಂದು ಬರುತ್ತದೆ, ಮಡಚಿ ಅಳೆದರೆ ಸರಿಯಾಗುತ್ತದೆ. ನರದಲ್ಲಿ ದೋಷವೇನಿಲ್ಲ, ದೋಷ ಅಳತೆಪಟ್ಟಿಯದ್ದು. ಕೈ ಚಾಚಿದಾಗ ನರ ಒಳಗೆ ಸಡಿಲವಾಗಿ ಮಡಿಕೆಬಿದ್ದಿರುತ್ತದೆ. ಚರ್ಮದ ಮೇಲೆ ಅಳೆದ ದೂರ ನರದ ನಿಜವಾದ ಉದ್ದಕ್ಕಿಂತ ಕಡಿಮೆ ಬರುತ್ತದೆ. ದೂರ ಕಡಿಮೆ ಬಂದರೆ ವೇಗವೂ ಕಡಿಮೆ. ಹಾಗಾಗಿ ಮೊಣಕೈಯನ್ನು 70ರಿಂದ 90 ಡಿಗ್ರಿ ಮಡಚಿ ಅಳೆಯಬೇಕೆಂದು ಅಮೆರಿಕದ ತಜ್ಞರ ಸಂಘ 1999ರಲ್ಲಿ ಸೂಚಿಸಿತು. ಚೆಂಗಲ್ಪಟ್ಟಿನ ಬೆರಳುಗಳು ಕಂಡುಕೊಂಡಿದ್ದ ಅರೆ ಮಡಚಿದ ಭಂಗಿಯ ಆಸುಪಾಸಿಗೇ ವಿದ್ಯುತ್ ಯಂತ್ರವೂ ಬಂದು ನಿಂತದ್ದು ಹೀಗೆ.

ಮೊಲ ಮನುಷ್ಯನಲ್ಲ, ಶವ ಜೀವಂತ ಕೈಯಲ್ಲ. ಎಂಆರ್‌ಐ ಒಂದೊಂದೇ ಸ್ಥಿರಚಿತ್ರ ಕೊಡುತ್ತದೆ, ಕೊಳವೆಯೊಳಗೆ ಮಲಗಿದವರು ಕೈ ಆಡಿಸುವಂತಿಲ್ಲ. ಅಲ್ಟ್ರಾಸೌಂಡಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಬಸುರಿಯ ಹೊಟ್ಟೆಯೊಳಗಿನ ಕೂಸು ಕಾಲು ಝಾಡಿಸುವುದು ಪರದೆಯ ಮೇಲೆ ಆ ಕ್ಷಣಕ್ಕೇ ಕಾಣುವ ಹಾಗೆ, ಕೈ ಮಡಚುವಾಗ ನರ ಸರಿಯುವುದನ್ನೂ ಅದು ತೋರಿಸಬಲ್ಲದು. ತೊಡಕೆಂದರೆ ಹಳೆಯ ಯಂತ್ರಗಳ ಕಣ್ಣು ಮಂಜು. ಕೂಸನ್ನು ನೋಡಲು ಕಡಿಮೆ ಕಂಪನಾಂಕದ ಶಬ್ದ ಬೇಕು, ಅದು ಆಳಕ್ಕೆ ಇಳಿಯುತ್ತದೆ, ಸೂಕ್ಷ್ಮ ವಿವರ ಕೊಡುವುದಿಲ್ಲ. ಕೆಲವೇ ಮಿಲಿಮೀಟರ್ ದಪ್ಪದ ನರ ಕಾಣಬೇಕಾದರೆ ಕಂಪನಾಂಕ ಏರಬೇಕು. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. 15 ಮೆಗಾಹರ್ಟ್ಸ್ ಶಬ್ದದ ತರಂಗದ ಉದ್ದ ಹತ್ತಿರ ಹತ್ತಿರ 0.1 ಮಿಲಿಮೀಟರ್. ಅಷ್ಟು ಸಣ್ಣ ತರಂಗ ಆಳಕ್ಕೆ ಹೋಗಲಾರದು, ಆದರೆ ಚರ್ಮದಡಿಯ ನರಕ್ಕೆ ಆಳ ಬೇಕಿಲ್ಲ. ಫ್ರಾನ್ಸಿನ ಬ್ರೂನೊ ಫೋರ್ನಾಜ್ 1980ರ ದಶಕದಲ್ಲಿ ಕೈಕಾಲಿನ ನರಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. 1987ರ ಅವರ ಒಂದು ವರದಿ ಕುಷ್ಠರೋಗದ ನರದ ಬಗ್ಗೆಯೇ ಇತ್ತು. 90ರ ದಶಕದಲ್ಲಿ ಇಟಲಿಯ ತಂಡಗಳು ನರದ ಒಳರಚನೆಯನ್ನೂ ಬಿಡಿಸಿ ತೋರಿಸಿದವು: ಅಡ್ಡಲಾಗಿ ನೋಡಿದರೆ ಆರೋಗ್ಯವಂತ ನರ ಜೇನುಗೂಡಿನಂತೆ, ಬಿಳಿಯ ಗೆರೆಗಳ ನಡುವೆ ಕಪ್ಪು ಕಣ್ಣುಗಳು.

ಮೊಣಕೈಯ ಮೇಲೆ ಜೆಲ್ ಹಚ್ಚಿ, ತೋಡಿಗೆ ಅಡ್ಡಲಾಗಿ ಯಂತ್ರದ ಹಿಡಿಯನ್ನು ಇಟ್ಟು, ಮೆಲ್ಲಗೆ ಕೈ ಮಡಚಲು ಹೇಳಿದರೆ ಆ ಜೇನುಗೂಡು ಚಪ್ಪಟೆಯಾಗುತ್ತ ಮೂಳೆಯ ಉಬ್ಬಿನ ಕಡೆ ಜರಗುವುದು ಕಾಣುತ್ತದೆ. ಕೆಲವರಲ್ಲಿ ಅದು ಉಬ್ಬನ್ನೇ ಹತ್ತಿ ಆಚೆ ಬದಿಗೆ ಟಕ್ಕನೆ ಜಿಗಿಯುತ್ತದೆ, ಕೈ ಚಾಚಿದಾಗ ಮರಳಿ ಬರುತ್ತದೆ. ಇದು ಮೊದಲೇ ಗೊತ್ತಿತ್ತು. 1975ರಲ್ಲಿ ಚೈಲ್ಡ್ರೆಸ್ ಎಂಬ ಅಮೆರಿಕನ್ ವೈದ್ಯ ಬರೀ ಬೆರಳಿನಿಂದ ನೋಡಿ ನೂರಕ್ಕೆ ಹದಿನಾರು ಜನರಲ್ಲಿ ನರ ಹೀಗೆ ಜಾರುತ್ತದೆ ಎಂದಿದ್ದರು. ಯಂತ್ರ ಬಂದ ಮೇಲೆ, ಜಾರುತ್ತಿರುವುದು ನರವೋ ಪಕ್ಕದ ಸ್ನಾಯುವಿನ ಅಂಚೋ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಾಯಿತು. 2001ರಲ್ಲಿ ಲಂಡನ್ನಿನ ಆಂಡ್ರ್ಯೂ ಡಿಲ್ಲಿ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಒಂದರ ಹಿಂದೊಂದು ಬರುವ ಅಲ್ಟ್ರಾಸೌಂಡ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ, ಕೈಯ ಇನ್ನೊಂದು ದೊಡ್ಡ ನರವಾದ ಮೀಡಿಯನ್ ನರ ಉದ್ದಕ್ಕೆ ಎಷ್ಟು ಸರಿಯುತ್ತದೆಂದು ಅಳೆಯುವ ದಾರಿ ಕಂಡುಕೊಂಡರು. ಮಣಿಕಟ್ಟು, ಮೊಣಕೈ, ಭುಜ, ಕತ್ತು ಯಾವುದನ್ನು ಆಡಿಸಿದರೂ ನರ ತನ್ನ ಹಾಸಿಗೆಯಲ್ಲಿ ಜಾರುತ್ತದೆ. ಮೊದಲು ಸಡಿಲವೆಲ್ಲ ಮುಗಿಯುತ್ತದೆ, ಆಮೇಲೆ ಹಿಗ್ಗುತ್ತದೆ. ಸೊಂಟನೋವಿನವರ ಕಾಲನ್ನು ಎತ್ತಿ ನೋಡುವ ವೈದ್ಯರು 19ನೇ ಶತಮಾನದಿಂದಲೂ ನಂಬಿಕೊಂಡು ಬಂದದ್ದು ನರದ ಈ ಎಳೆತವನ್ನೇ.

ಈಗ ಮತ್ತೆ ಕುಷ್ಠರೋಗಕ್ಕೆ, ಮತ್ತು ದಕ್ಷಿಣ ಭಾರತಕ್ಕೆ. ಬೆರಳಿನ ವಿದ್ಯೆಯನ್ನು ಯಂತ್ರದ ಎದುರು ನಿಲ್ಲಿಸಿ ಪರೀಕ್ಷಿಸಿದ್ದು ಹೈದರಾಬಾದಿನಲ್ಲಿ. ಅಲ್ಲಿನ ಲೆಪ್ರಾ ಸಂಸ್ಥೆಯ ಬ್ಲೂ ಪೀಟರ್ ಕೇಂದ್ರದಲ್ಲಿ (ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದರ ಹೆಸರು ಅದು, ಕೇಂದ್ರಕ್ಕೆ ಹಣ ಕೂಡಿಸಿಕೊಟ್ಟವರು ಅದರ ಪುಟ್ಟ ವೀಕ್ಷಕರು) ಸುಮನ್ ಜೈನ್, ನೆದರ್ಲೆಂಡ್ಸಿನ ಲಿಯೋ ವಿಸ್ಸರ್ ಮೊದಲಾದವರು 20 ರೋಗಿಗಳ ನರಗಳನ್ನು 30 ಆರೋಗ್ಯವಂತ ಭಾರತೀಯರ ನರಗಳೊಂದಿಗೆ ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಗಳ ನರಗಳು ಸ್ಪಷ್ಟವಾಗಿ ದಪ್ಪವಿದ್ದವು, ಅದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಇದ್ದದ್ದು ಬೆರಳಿಗೂ ಯಂತ್ರಕ್ಕೂ ಇರುವ ಹೊಂದಾಣಿಕೆಯಲ್ಲಿ. ಇಬ್ಬರ ತೀರ್ಪು ಪೂರ್ತಿ ಒಂದೇ ಆದರೆ 1, ಬರೀ ಕಾಕತಾಳೀಯವಾದರೆ 0 ಎಂಬ ಅಳತೆಗೋಲಿನಲ್ಲಿ ಅದು ಒಟ್ಟಾರೆ 0.30. ಮೊಣಕಾಲಿನ ಪಕ್ಕದ ನರದಲ್ಲಿ 0.13. ತಲೆಮಾರುಗಳಿಂದ ಕಲಿಸಿಕೊಂಡು ಬಂದ ವಿದ್ಯೆಗೆ ಈ ಅಂಕ ಕಹಿಯೇ. ತೊಂದರೆ ಇನ್ನೂ ಒಂದಿದೆ: ಬೆರಳಿಗೆ ದಪ್ಪ ತಿಳಿಯಬಹುದು, ಒಳಗಿನ ಉರಿ ತಿಳಿಯದು. ಯಂತ್ರದ ಡಾಪ್ಲರ್ ಸೌಲಭ್ಯ ನರದೊಳಗೆ ರಕ್ತ ಹೆಚ್ಚಾಗಿ ನುಗ್ಗುತ್ತಿರುವುದನ್ನು ಬಣ್ಣದಲ್ಲಿ ತೋರಿಸುತ್ತದೆ. ನೋಡಿದ 152 ನರಗಳಲ್ಲಿ 39ರಲ್ಲಿ ಹಾಗಿತ್ತು. ಆರೋಗ್ಯವಂತ ನರದಲ್ಲಿ ಆ ಬಣ್ಣ ಸಾಮಾನ್ಯವಾಗಿ ಕಾಣುವುದಿಲ್ಲ.

ಆದರೆ ಚೆಂಗಲ್ಪಟ್ಟಿನ ಆ ರಾತ್ರಿ ಕಂಡದ್ದು ಸುಳ್ಳಾಗಲಿಲ್ಲ. ಹೈದರಾಬಾದಿನದೇ ಲೋಕೇಶ್ ಬತಾಲ ಮತ್ತು ಸಂಗಡಿಗರು 2017ರಲ್ಲಿ ಅಲ್ನಾರ್ ನರವನ್ನು ಹೆಜ್ಜೆ ಹೆಜ್ಜೆಗೂ ಅಳೆದಾಗ, ಕುಷ್ಠರೋಗದಲ್ಲಿ ಅದು ಅತಿ ಹೆಚ್ಚು ಊದುವುದು ಮೂಳೆಯ ಉಬ್ಬಿಗಿಂತ ಕೆಲವು ಸೆಂಟಿಮೀಟರ್ ಮೇಲೆ ಎಂದು ಕಂಡಿತು. ಸುಮ್ಮನೆ ಒತ್ತಡದಿಂದ ಬರುವ ಕ್ಯೂಬಿಟಲ್ ಟನಲ್ ತೊಂದರೆಯಲ್ಲಿ ಊತ ಇರುವುದು ಸುರಂಗದ ಬಾಯಲ್ಲೇ. ಅಂದರೆ ಕುಷ್ಠರೋಗದ ಊತ ಎಲ್ಲಿ ಹುಟ್ಟಬೇಕೆಂಬುದನ್ನು ಸುರಂಗವೊಂದೇ ನಿರ್ಧರಿಸುತ್ತಿಲ್ಲ; ಚರ್ಮದಡಿಯ ತಂಪಿನ ಬಗ್ಗೆ ಬ್ರಾಂಡ್ ಮಾಡಿದ್ದ ಊಹೆಗೆ ಇದು ಚೆನ್ನಾಗಿ ಹೊಂದುತ್ತದೆ. ಮಡಚುವುದರ ಪಾತ್ರ ಆಮೇಲಿನದ್ದು. ಈಗಾಗಲೇ ಊದಿ, ಬಿಗಿದು, ಜಾರುವ ಗುಣ ಕಳೆದುಕೊಂಡ ನರವನ್ನು ದಿನಕ್ಕೆ ನೂರಾರು ಬಾರಿ ಎಳೆದು ಚಪ್ಪಟೆ ಮಾಡುವ ಕೆಲಸ ಅದರದ್ದು.

ಹಾಗಾದರೆ ಸುರಂಗ ಸೀಳಿದ ಶಸ್ತ್ರವೈದ್ಯರ ತರ್ಕ? ಪ್ರಯೋಗಗಳನ್ನು ಕೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು, ಸ್ಟೀರಾಯ್ಡ್ ಮಾತ್ರೆಯ ಜೊತೆ ಶಸ್ತ್ರಚಿಕಿತ್ಸೆ ಸೇರಿಸುವುದರಿಂದ ಹೆಚ್ಚಿನ ಲಾಭವಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ನೋಡಿದ್ದು ಎರಡೇ ಸಣ್ಣ ಪ್ರಯೋಗಗಳನ್ನು, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. (ಈ ಕೊಕ್ರೇನ್ ಚೆಂಗಲ್ಪಟ್ಟಿನ ಕೊಕ್ರೇನ್ ಅಲ್ಲ, ಸಂಸ್ಥೆಯ ಹೆಸರು ಆರ್ಚಿ ಕೊಕ್ರೇನ್ ಎಂಬ ಇನ್ನೊಬ್ಬ ಬ್ರಿಟಿಷ್ ವೈದ್ಯರದ್ದು.) ಕೆಲಸ ಮಾಡುವುದು ಹೆಚ್ಚಾಗಿ ಮಾತ್ರೆಯೇ, ಅದೂ ಬೇಗ ಕೊಟ್ಟರೆ. ಸ್ಪರ್ಶವೋ ಬಲವೋ ಕುಂದಿ ಆರು ತಿಂಗಳಾಗುವುದರೊಳಗೆ ಪ್ರೆಡ್ನಿಸೊಲೋನ್ ಶುರುಮಾಡಬೇಕೆಂಬುದು ರೂಢಿಯ ನಿಯಮ. ಅದು ದಾಟಿದರೆ ಉಳಿಯುವುದು ಬ್ರಾಂಡ್ ಕಲಿಸಿದ ಹುರಿ ಜೋಡಣೆ.

ಆರು ತಿಂಗಳೊಳಗೆ ಯಾರು ಕಂಡುಹಿಡಿಯಬೇಕು? 2005ರ ಡಿಸೆಂಬರಿನಲ್ಲಿ ಭಾರತ ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನ ಮಾಡಿರುವುದಾಗಿ ಘೋಷಿಸಿತು; 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬುದು ಅದರ ಅರ್ಥ. ಕೋವಿಡ್ ವರ್ಷಗಳನ್ನು ಬಿಟ್ಟರೆ ಆಮೇಲೂ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದಾರೆ, ಜಗತ್ತಿನ ಒಟ್ಟು ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಪ್ರತ್ಯೇಕವಾಗಿದ್ದ ಕುಷ್ಠರೋಗ ವ್ಯವಸ್ಥೆ ಸಾಮಾನ್ಯ ಆಸ್ಪತ್ರೆಗಳಲ್ಲಿ ಕರಗಿದ ಮೇಲೆ, ಇಡೀ ದಿನ ನರ ಮುಟ್ಟಿ ನೋಡುವುದನ್ನೇ ಕಸುಬಾಗಿಸಿಕೊಂಡಿದ್ದ ಕೈಗಳು ಒಂದೊಂದಾಗಿ ನಿವೃತ್ತವಾದವು. 'ನಿರ್ಮೂಲನ' ಎಂಬ ಪದ ಸರ್ಕಾರಿ ಕಡತದಲ್ಲಿ ಮಾಡಿದ ಉಪಕಾರಕ್ಕಿಂತ ಕಲಿಕೆಯಲ್ಲಿ ಮಾಡಿದ ಹಾನಿಯೇ ದೊಡ್ಡದು.

ಅವುಗಳ ಜಾಗಕ್ಕೆ ಯಂತ್ರ ಬರಬಹುದಿತ್ತು. ಇಂದು ಲ್ಯಾಪ್‌ಟಾಪಿನಷ್ಟು, ಕಿಸೆಗೆ ಹಿಡಿಯುವಷ್ಟು ಸಣ್ಣ ಅಲ್ಟ್ರಾಸೌಂಡ್‌ಗಳೂ ಇವೆ. ಹಳ್ಳಿಯ ಶಿಬಿರಕ್ಕೆ ಒಯ್ದು, ರೋಗಿಯ ಕೈಯನ್ನು ಮಡಚಿಸಿ ಚಾಚಿಸಿ ನೋಡಲು ಕೆಲವೇ ನಿಮಿಷ ಸಾಕು. ಭಾರತದಲ್ಲಿ ಇದಕ್ಕೆ ಅಡ್ಡ ನಿಲ್ಲುವುದು ಯಂತ್ರದ ಬೆಲೆಯೊಂದೇ ಅಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು, 2003ರಲ್ಲಿ ಬಿಗಿಯಾದ ಮೇಲೆ, ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕೆನ್ನುತ್ತದೆ. ಅದು ನೋಡುವುದು ಗರ್ಭವನ್ನೋ ಮೊಣಕೈಯನ್ನೋ ಎಂಬ ಭೇದ ಅಲ್ಲಿಲ್ಲ. ಹೊತ್ತೊಯ್ಯುವ ಯಂತ್ರಗಳ ಬಳಕೆಯನ್ನು 2012ರ ನಿಯಮಗಳು ಇನ್ನಷ್ಟು ಕಟ್ಟಿಹಾಕಿದವು. ಕಾನೂನನ್ನು ಬೈಯುವುದು ಸುಲಭ. ಆರು ವರ್ಷದೊಳಗಿನ ಮಕ್ಕಳಲ್ಲಿ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರಲ್ಲಿ 945 ಇದ್ದದ್ದು 2001ಕ್ಕೆ 927ಕ್ಕೆ ಇಳಿದ ದೇಶ ಇದು. ಈ ಕಾನೂನು ಸುಮ್ಮನೆ ಬಂದದ್ದಲ್ಲ. ಗರ್ಭ ಕಾಣಲಾರದಷ್ಟು ಮೇಲ್ಮಟ್ಟದ, ಹೆಚ್ಚು ಕಂಪನಾಂಕದ ಹಿಡಿಗಳಿಗಷ್ಟೇ ಸಡಿಲಿಕೆ ಕೊಟ್ಟರೆ ಎರಡು ಕೆಲಸವೂ ಆಗಬಹುದು. ಆದರೆ ಒಂದೇ ಯಂತ್ರಕ್ಕೆ ಬೇರೆ ಬೇರೆ ಹಿಡಿ ಜೋಡಿಸಬಹುದಾದ್ದರಿಂದ ಅದನ್ನು ಕಾಯುವುದೂ ತಲೆನೋವೇ.

ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಸದ್ಯಕ್ಕೆ ಇರುವುದು ಒಂದು ಬಾಲ್‌ಪೆನ್. ಅಂಗೈಯ ಗೊತ್ತಾದ ಬಿಂದುಗಳಲ್ಲಿ ಅದರ ಮೊನೆಯಿಂದ ಹಗುರವಾಗಿ ಒತ್ತಿ, ಕಣ್ಣು ಮುಚ್ಚಿದ ರೋಗಿಗೆ ಎಲ್ಲಿ ತಾಗಿತೆಂದು ತೋರಿಸಲು ಹೇಳುತ್ತಾರೆ. ಕಿರುಬೆರಳನ್ನು ಪಕ್ಕಕ್ಕೆ ಚಾಚಿಸಿ, ತಮ್ಮ ಬೆರಳಿನಿಂದ ಒಳಕ್ಕೆ ತಳ್ಳಿ, ತಡೆಯುವ ಬಲ ಎಷ್ಟಿದೆಯೆಂದು ನೋಡುತ್ತಾರೆ. ಆಮೇಲೆ ಮೊಣಕೈಯನ್ನು ಅರೆ ಮಡಚಿಸಿ, ಒಳಬದಿಯ ಉಬ್ಬಿನ ಹಿಂದಿನ ತೋಡಿನಲ್ಲಿ ಬೆರಳಿಟ್ಟು, ಮೂರು ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತ, ರೋಗಿಯ ಮುಖ ನೋಡುತ್ತಾರೆ.